ಬಸಿರು ಅಂತ ಗೊತ್ತಾಗುವ ಮುಂಚೆಯೇ ಸಿಟಿ ಸ್ಕ್ಯಾನ್ ಆಗಿಹೋಗಿದೆ, ಮಗು ಉಳಿಸಿಕೊಳ್ಳಬಹುದಾ?

ಕೇಳಿದವರು: ತುಂಗೆಯ_ದಂಡೆ
ಸೆಪ್ಟೆಂಬರ್ 20, 2025, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರಿನವಳು, ವಯಸ್ಸು 28. ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆಯಾಗಿ ನಾಲ್ಕು ವರ್ಷ. ಇದು ಮೊದಲನೇ ಬಸಿರು.

ಗೌರಿ ಹಬ್ಬದ ರಾತ್ರಿ, ಅಂದರೆ ಆಗಸ್ಟ್ 26ಕ್ಕೆ, ಎಡಗಡೆ ಸೊಂಟದಿಂದ ಕೆಳಹೊಟ್ಟೆವರೆಗೂ ತಡೆಯಲಾರದ ನೋವು ಬಂತು. ವಾಂತಿ ಬೇರೆ. ಬೈಕ್ ಮೇಲೆ ಕೂರುವುದಕ್ಕೂ ಆಗಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಒಂದು ನರ್ಸಿಂಗ್ ಹೋಮಿಗೆ ಹೋದೆವು. ನೋವಿಗೆ ಇಂಜೆಕ್ಷನ್ ಕೊಟ್ಟು ಹೊಟ್ಟೆಯ ಎಕ್ಸ್‌ರೇ ತೆಗೆದರು. ಮರುದಿನ ಗಣಪತಿ ಕೂರಿಸುವ ಹೊತ್ತಿಗೆ ನಾನು ಸಿಟಿ ಮೆಷಿನ್ನಿನ ಮೇಲೆ ಮಲಗಿದ್ದೆ. ಮೂತ್ರನಾಳದಲ್ಲಿ 6 ಮಿಲಿಮೀಟರ್ ಹರಳು ಇದೆ ಅಂತ ಬಂತು.

ಡೇಟ್ ಯಾವಾಗ ಆಗಿತ್ತು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಆಗಸ್ಟ್ 2ಕ್ಕೆ ಆಗಿತ್ತು, ಇನ್ನು ಮೂರು ದಿನಕ್ಕೆ ಮತ್ತೆ ಆಗಬೇಕಿತ್ತು. ನಾಲ್ಕು ವರ್ಷದಿಂದ ಪ್ರತಿ ತಿಂಗಳೂ ತಪ್ಪದೆ ಆಗುತ್ತಿತ್ತು. ಸೆಪ್ಟೆಂಬರ್ 8ಕ್ಕೆ ಮನೆಯಲ್ಲೇ ಕಿಟ್ ಹಾಕಿ ನೋಡಿದೆ. ಎರಡು ಗೆರೆ ಬಂತು.

ಖುಷಿಪಟ್ಟಿದ್ದು ಎರಡೇ ದಿನ. ತೋರಿಸಿಕೊಳ್ಳಲು ಹೋದ ಕಡೆ ಸಿಟಿ ಆಗಿದೆ ಅಂದ ಕೂಡಲೇ ಡಾಕ್ಟರ್ "ರಿಸ್ಕ್ ಯಾಕೆ, ಇನ್ನೂ ವಯಸ್ಸಿದೆ, ತೆಗೆಸಿಬಿಡಿ" ಅಂದರು. ಐದು ನಿಮಿಷದಲ್ಲಿ ಮಾತು ಮುಗಿಯಿತು. ಬುಧವಾರ ಬಂದು ಮಾತ್ರೆ ತೆಗೆದುಕೊಳ್ಳಲು ಹೇಳಿದ್ದಾರೆ. ಅತ್ತೆ "ಕರೆಂಟ್ ಹಾಯಿಸಿಕೊಂಡ ಬಸಿರು, ಅದರ ಮೇಲೆ ಏಳನೇ ತಾರೀಖು ಗ್ರಹಣದ ಹೊತ್ತಿಗೆ ಅಂಗಳಕ್ಕೆ ಬಂದಿದ್ದಳು" ಅಂತ ಅಳುತ್ತಾರೆ. ನಮ್ಮ ಮೈದುನ ಮೊಬೈಲಿನಲ್ಲಿ ಹಿರೋಶಿಮಾದ ಮಕ್ಕಳ ಫೋಟೋ ತೋರಿಸಿದ. ನಮ್ಮ ಮನೆಯವರು ಏನೂ ಹೇಳುತ್ತಿಲ್ಲ. ರಾತ್ರಿ ಎದ್ದು ಹೊರಗೆ ಕಟ್ಟೆಯ ಮೇಲೆ ಕೂರುತ್ತಾರೆ.

ಇವತ್ತಿಗೆ 7 ವಾರ. ಮಗುವಿಗೆ ಏನಾದರೂ ಆಗಿದೆಯಾ ಅಂತ ತಿಳಿಯುವ ಟೆಸ್ಟ್ ಇದೆಯಾ? ಉಳಿಸಿಕೊಂಡರೆ ನಾನು ತಪ್ಪು ಮಾಡಿದ ಹಾಗೆ ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

---

ಉತ್ತರ: ಕುಕ್ಕರಹಳ್ಳಿ_ಅಮ್ಮ
ಸೆಪ್ಟೆಂಬರ್ 21, ಬೆಳಿಗ್ಗೆ 6:15

ನಿಮ್ಮ ಬರಹ ಓದಿ ಕಣ್ಣು ತುಂಬಿತು. ನನಗೂ 6 ವಾರದಲ್ಲಿ ಗೊತ್ತಿಲ್ಲದೆ ಎದೆಯ ಎಕ್ಸ್‌ರೇ ಆಗಿತ್ತು. ಮಗಳಿಗೆ ಈಗ 7 ವರ್ಷ, ಚೆನ್ನಾಗಿದ್ದಾಳೆ. ಆದರೆ ನನ್ನದು ಎದೆಯದ್ದು, ನಿಮ್ಮದು ಹೊಟ್ಟೆಯದ್ದು. ಎರಡೂ ಒಂದೇ ಅಂತ ನಾನು ಹೇಳಬಾರದು. ಬುಧವಾರ ಮಾತ್ರ ಹೋಗಬೇಡಿ. ಇನ್ನೊಬ್ಬ ಡಾಕ್ಟರನ್ನು ಕೇಳಿ. ಇಲ್ಲಿ ಎಕ್ಸ್‌ರೇ ಅಮ್ಮ ಇದ್ದಾರೆ, ಅವರು ನೋಡಲಿ ಅಂತ ಕರೆದಿದ್ದೇನೆ.

---

ಉತ್ತರ: ಎಕ್ಸ್‌ರೇ_ಅಮ್ಮ
ಸೆಪ್ಟೆಂಬರ್ 21, ಬೆಳಿಗ್ಗೆ 9:50

ನನ್ನ ಮಗಳ ವಯಸ್ಸು ನಿನಗೆ. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನು ಮಲೆನಾಡು ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ಕೊನೆಯ 12 ವರ್ಷ ಸಿಟಿ ಮೆಷಿನ್. ನನ್ನ ಎರಡು ಬಸಿರನ್ನೂ ಎದೆಗೆ ಟಿಎಲ್‌ಡಿ ಬ್ಯಾಡ್ಜ್, ಅಂದರೆ ಮೈಗೆ ಎಷ್ಟು ವಿಕಿರಣ ತಾಗಿತು ಅಂತ ಅಳೆಯುವ ಬಿಲ್ಲೆ, ಸಿಕ್ಕಿಸಿಕೊಂಡೇ ಕಳೆದೆ. ನಾನು ಡಾಕ್ಟರ್ ಅಲ್ಲ. ಆದರೆ ಎಷ್ಟು ವಿಕಿರಣ ಎಲ್ಲಿಗೆ ಹೋಗುತ್ತದೆ ಅನ್ನುವುದು ನನ್ನ ಕೆಲಸವೇ ಆಗಿತ್ತು.

ಮೊದಲು ಇಷ್ಟು ಮಾಡು. ಬುಧವಾರದ ಮಾತ್ರೆ ಬೇಡ ಅಂತ ಇವತ್ತೇ ಫೋನ್ ಮಾಡು. ಮಗುವಿಗೆ ಎಷ್ಟು ತಲುಪಿದೆ ಅಂತ ಯಾರೂ ಲೆಕ್ಕವೇ ಹಾಕಿಲ್ಲ. ಲೆಕ್ಕ ಹಾಕದೆ "ತೆಗೆಸಿ" ಅನ್ನುವುದು ಸರಿಯಲ್ಲ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಅದಕ್ಕೆ ಮಿಲಿಗ್ರೇ ಅಂತ ಒಂದು ಅಳತೆ ಇದೆ. ಯಾವ ಎಕ್ಸ್‌ರೇ ಇಲ್ಲದೆಯೂ, ನೆಲದಿಂದ, ಊಟದಿಂದ, ಆಕಾಶದಿಂದ ಬರುವ ವಿಕಿರಣವೇ ಒಂಬತ್ತು ತಿಂಗಳಲ್ಲಿ ಹೆಚ್ಚು ಕಡಿಮೆ 1 ಮಿಲಿಗ್ರೇ ಹೊಟ್ಟೆಯೊಳಗಿನ ಮಗುವಿಗೆ ಸಿಗುತ್ತದೆ. ಎದೆಯ ಎಕ್ಸ್‌ರೇ ಆದರೆ ಗರ್ಭಕೋಶಕ್ಕೆ ಹೋಗುವುದು 0.01ಕ್ಕಿಂತಲೂ ಕಡಿಮೆ. ಕುಕ್ಕರಹಳ್ಳಿಯವರು ಅದಕ್ಕೇ ಸರಿಯಾಗಿ ಹೇಳಿದ್ದಾರೆ, ಎರಡೂ ಒಂದೇ ಅಲ್ಲ. ಹೊಟ್ಟೆಯ ಎಕ್ಸ್‌ರೇಯಲ್ಲಿ ಒಂದು ಫಿಲಂಗೆ ಜಾಸ್ತಿ ಅಂದರೆ 3. ಹೊಟ್ಟೆ ಮತ್ತು ಕೆಳಹೊಟ್ಟೆಯ ಸಿಟಿಗೆ ಸಾಮಾನ್ಯವಾಗಿ 10ರಿಂದ 25. ಮೆಷಿನ್ ಹಳೆಯದಾದರೆ, ಎರಡು ಮೂರು ಸಲ ಸುತ್ತಿಸಿದರೆ, ಇನ್ನೂ ಮೇಲೆ ಹೋಗಬಹುದು.

50ರ ಒಳಗೆ ಇದ್ದರೆ ಅಂಗವಿಕಲತೆಯಾಗಲಿ ಗರ್ಭಪಾತವಾಗಲಿ ಹೆಚ್ಚಾಗಿದ್ದು ಕಂಡಿಲ್ಲ. ವಿಕಿರಣದಿಂದ ರಕ್ಷಣೆ ಹೇಗೆ ಅಂತ ಇಡೀ ಜಗತ್ತಿಗೆ ನಿಯಮ ಹೇಳುವ ಅಂತರರಾಷ್ಟ್ರೀಯ ಆಯೋಗ ಒಂದಿದೆ, ಐಸಿಆರ್‌ಪಿ ಅಂತ. ಬಸುರಿಯರ ವಿಷಯಕ್ಕೇ ಅವರು 2000ದಲ್ಲಿ ತಮ್ಮ 84ನೇ ವರದಿ ತಂದರು. ಮಗುವಿಗೆ ತಲುಪಿದ್ದು 100 ಮಿಲಿಗ್ರೇಗಿಂತ ಕಡಿಮೆ ಇದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸುವುದು ಸರಿಯಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿದ್ದಾರೆ.

ಎರಡನೆಯದು ದಿನದ ಲೆಕ್ಕ. ಆಗಸ್ಟ್ 2ಕ್ಕೆ ಡೇಟ್ ಅಂದರೆ ಗರ್ಭ ಕಟ್ಟಿದ್ದು 16ರ ಆಸುಪಾಸು. ಸಿಟಿ ಆದಾಗ ಅದಕ್ಕೆ 11 ದಿನ. ಮೊದಲ ಎರಡು ವಾರ ಅದಿನ್ನೂ ಸಾಸಿವೆಗಿಂತ ಚಿಕ್ಕದಾದ ಜೀವಕೋಶಗಳ ಗುಂಪು. ಕೈ, ಕಾಲು, ಹೃದಯ ಯಾವುದೂ ಮೂಡಿರುವುದಿಲ್ಲ. ಆಗ ದೊಡ್ಡ ಪೆಟ್ಟು ಬಿದ್ದರೆ ಗರ್ಭ ನಿಲ್ಲುವುದೇ ಇಲ್ಲ, ಮುಟ್ಟಾಗಿ ಹೋಗುತ್ತದೆ. ನಿಂತಿತು ಅಂದರೆ ಉಳಿದ ಕೋಶಗಳು ಹೋದವುಗಳ ಜಾಗ ತುಂಬಿಕೊಂಡು ಬೆಳೆಯುತ್ತವೆ. ನಿನ್ನದು ನಿಂತಿದೆ.

ನಿನ್ನ ಮೈದುನ ತೋರಿಸಿದ ಫೋಟೋ ಬಗ್ಗೆಯೂ ಹೇಳಬೇಕು. ಹಿರೋಶಿಮಾ, ನಾಗಾಸಾಕಿಯಲ್ಲಿ ತಾಯಿಯ ಹೊಟ್ಟೆಯೊಳಗಿದ್ದಾಗ ಬಾಂಬಿಗೆ ಸಿಕ್ಕ ಸುಮಾರು 1,600 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಅವರಲ್ಲಿ 30 ಮಕ್ಕಳಿಗೆ ಬುದ್ಧಿ ಬೆಳವಣಿಗೆ ತೀರಾ ಕುಂಠಿತವಾಗಿತ್ತು. ಅವರಲ್ಲಿ ಹೆಚ್ಚಿನವರು ಗರ್ಭ ಕಟ್ಟಿದ 8ರಿಂದ 15 ವಾರದ ನಡುವೆ, ಬಹಳ ದೊಡ್ಡ ಪ್ರಮಾಣಕ್ಕೆ ಸಿಕ್ಕವರು. ಮಿದುಳು ಕಟ್ಟಿಕೊಳ್ಳುವ ಹೊತ್ತು ಅದು. ಆ ಮಕ್ಕಳ ನೋವು ದೊಡ್ಡದು. ಆದರೆ ನಿನ್ನ ಸ್ಕ್ಯಾನಿಗೂ ಅದಕ್ಕೂ ದಿನದಲ್ಲೂ ಹೋಲಿಕೆ ಇಲ್ಲ, ಅಳತೆಯಲ್ಲೂ ಇಲ್ಲ.

ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಕ್ಯಾನ್ಸರ್‌ಗೆ ಕೊಡುವುದನ್ನು "ಕರೆಂಟ್ ಇಡುವುದು" ಅನ್ನುತ್ತಾರಲ್ವಾ, ಅವರಿಗೆ ಅದೇ ನೆನಪಾಗಿರಬೇಕು. ಅಲ್ಲಿ ಸಾವಿರಗಟ್ಟಲೆ ಮಿಲಿಗ್ರೇ ಕೊಡುತ್ತಾರೆ. ನಿನಗೆ ಆಗಿದ್ದು ಅದಲ್ಲ. ಸ್ಕ್ಯಾನ್ ಮುಗಿದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ, ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ ಅಷ್ಟೇ, ಅಂಗಳದಲ್ಲಿ ನಿಂತವರ ಹೊಟ್ಟೆಗೆ ಏನೂ ತಾಗುವುದಿಲ್ಲ. ಇದನ್ನು ಅತ್ತೆಗೆ ಜಗಳವಿಲ್ಲದೆ ಹೇಳು. ಅವರೂ ಹೆದರಿದ್ದಾರೆ.

ಇಷ್ಟು ಉದ್ದ ಬರೆಯಲು ಒಂದು ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, 19ರ ಒಬ್ಬ ಹುಡುಗಿಗೆ ಸೊಂಟದ ಎಕ್ಸ್‌ರೇ ಬರೆದಿದ್ದರು. ಜೊತೆಗೆ ಅವಳ ಮಾವ ನಿಂತಿದ್ದರು. ಅವರ ಎದುರಿಗೆ ಮುಟ್ಟಿನ ದಿನ ಕೇಳಲು ನನಗೆ ಸಂಕೋಚವಾಯಿತು. ಕೇಳಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಅವಳೇ ಬೇರೆ ಕೆಲಸಕ್ಕೆ ಬಂದವಳು ಹೇಳಿದಳು: ಆಗ ಬಸಿರಾಗಿದ್ದಳಂತೆ, ಎಕ್ಸ್‌ರೇ ಆಗಿದೆ ಅಂತ ಮನೆಯವರು ತೆಗೆಸಿದರಂತೆ. ಎರಡು ಫಿಲಂ, 5 ಮಿಲಿಗ್ರೇ ಕೂಡ ಇರಲಿಲ್ಲ. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ, ಸುಮ್ನೆ ಹೇಳಿ ಹೋದಳು. ನಾನು ಆವತ್ತು ಡಾರ್ಕ್‌ರೂಮಿನೊಳಗೆ ಹೋಗಿ ತುಂಬಾ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ನಿವೃತ್ತಿಯಾಗುವವರೆಗೂ ಹೆಣ್ಣುಮಕ್ಕಳನ್ನು ಒಬ್ಬರೇ ಒಳಗೆ ಕರೆದು, ಬಾಗಿಲು ಹಾಕಿ, ದಿನ ಕೇಳಿಯೇ ಮೆಷಿನ್ ಹಾಕುತ್ತಿದ್ದೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಫೋಟವಾದಾಗ, ಅಷ್ಟು ದೂರದ ಗ್ರೀಸ್ ದೇಶದಲ್ಲಿ ಹೆದರಿಕೆಗೇ ಸುಮಾರು 2,500 ಗರ್ಭ ತೆಗೆಸಿದರು ಅಂತ ಅಲ್ಲಿನ ವೈದ್ಯರೇ ಮರುವರ್ಷ ಅಂದಾಜು ಮಾಡಿ ಬರೆದರು. ಎಲ್ಲವೂ ಬೇಕು ಅಂತ ಬಯಸಿದ್ದ ಬಸಿರುಗಳು. ಅಲ್ಲಿ ತಲುಪಿದ್ದು 1 ಮಿಲಿಗ್ರೇ ಕೂಡ ಇರಲಿಲ್ಲ.

ಈಗ ನಿನ್ನ ಕೆಲಸ. ಸಿಟಿ ಮಾಡಿದ ಕಡೆ ಹೋಗಿ "ಡೋಸ್ ರಿಪೋರ್ಟ್" ಕೇಳು. ಸಿಡಿಯಲ್ಲಿ ಚಿತ್ರಗಳ ಕೊನೆಗೆ ಒಂದು ಪುಟ ಇರುತ್ತದೆ. ಅದರಲ್ಲಿ ಸಿಟಿಡಿಐ, ಡಿಎಲ್‌ಪಿ ಅಂತ ಎರಡು ಸಂಖ್ಯೆ ಇರುತ್ತವೆ. ಸಿಟಿಡಿಐ ಅಂದರೆ ಮೆಷಿನ್ ಹಾಕಿದ ವಿಕಿರಣ, ಮಿಲಿಗ್ರೇ ಲೆಕ್ಕದಲ್ಲಿ; ಡಿಎಲ್‌ಪಿ ಅಂದರೆ ಸ್ಕ್ಯಾನ್ ಆದ ಉದ್ದಕ್ಕೆಲ್ಲ ಸೇರಿಸಿದ ಲೆಕ್ಕ. ಅವನ್ನೂ, ಎಷ್ಟು ಸಲ ಸುತ್ತಿಸಿದರು ಅನ್ನುವುದನ್ನೂ, ಔಷಧಿ ಚುಚ್ಚಿ ಮಾಡಿದರಾ ಅನ್ನುವುದನ್ನೂ ಇಲ್ಲಿ ಬರೆ.

---

ತುಂಗೆಯ_ದಂಡೆ
ಸೆಪ್ಟೆಂಬರ್ 22, ಸಂಜೆ 7:05

ಅಮ್ಮಾ, ನಿಮ್ಮ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಆ ಹುಡುಗಿಯ ಕಥೆ ಬಂದಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬುಧವಾರ ಬರುವುದಿಲ್ಲ ಅಂತ ನಮ್ಮ ಮನೆಯವರೇ ಫೋನ್ ಮಾಡಿ ಹೇಳಿದರು.

ಇವತ್ತು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಸಿಡಿ ತಂದೆ. ಸಿಟಿಡಿಐ 9.1. ಡಿಎಲ್‌ಪಿ 437. ಒಂದೇ ಸಲ ಸುತ್ತಿಸಿದ್ದು, ಔಷಧಿ ಚುಚ್ಚಿಲ್ಲ. ಎಕ್ಸ್‌ರೇ ಒಂದೇ ಫಿಲಂ. ನನ್ನ ತೂಕ 49 ಕಿಲೋ.

---

ಎಕ್ಸ್‌ರೇ_ಅಮ್ಮ
ಸೆಪ್ಟೆಂಬರ್ 22, ರಾತ್ರಿ 8:30

ಈ ಸಂಖ್ಯೆ ನೋಡಿ ನನಗೇ ಸಮಾಧಾನವಾಯಿತು. ಒಂದೇ ಸುತ್ತು, ಅದೂ ಹಗುರವಾಗಿ ತೆಗೆದಿದ್ದಾರೆ.

ಗರ್ಭಕೋಶ ಸ್ಕ್ಯಾನ್ ಆದ ಜಾಗದ ಒಳಗೇ ಇತ್ತು. ನೀನು ಸಣ್ಣ ಮೈಯವಳು, ಹಾಗಾಗಿ 9.1ಕ್ಕಿಂತ ಸ್ವಲ್ಪ ಜಾಸ್ತಿಯೇ ಹಿಡಿಯಬೇಕು. 12 ಅಂದುಕೋ. ಎಕ್ಸ್‌ರೇಗೆ ಪೂರ್ತಿ 3 ಹಾಕು. 15 ಆಯಿತು. ಎಲ್ಲವನ್ನೂ ಜಾಸ್ತಿ ಕಡೆಗೇ ಹಿಡಿದರೂ 15. ಎಚ್ಚರಿಕೆಯ ಗೆರೆ 50ರಲ್ಲಿದೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆಗೆ ಇಂಥ ಗೆರೆ ಇಲ್ಲ, ಸ್ವಲ್ಪ ವಿಕಿರಣಕ್ಕೂ ಸ್ವಲ್ಪ ಹೆಚ್ಚುತ್ತದೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಅದು ಎಷ್ಟು ಅಂತ ಆ 84ನೇ ವರದಿಯಲ್ಲೇ ಇದೆ. ಏನೂ ತಾಗದ 1,000 ಮಕ್ಕಳಲ್ಲಿ 997 ಮಕ್ಕಳಿಗೆ ಬಾಲ್ಯದಲ್ಲಿ ಕ್ಯಾನ್ಸರ್ ಬರುವುದಿಲ್ಲ. 10 ಮಿಲಿಗ್ರೇ ತಾಗಿದ 1,000 ಮಕ್ಕಳಲ್ಲಿ 996 ಮಕ್ಕಳಿಗೆ ಬರುವುದಿಲ್ಲ. ಹುಟ್ಟಿನಿಂದ ಬರುವ ಅಂಗದ ತೊಂದರೆ ಇಲ್ಲದ ಮಕ್ಕಳು, ತಾಗದಿದ್ದರೂ ನೂರಕ್ಕೆ 97, 10 ತಾಗಿದರೂ ನೂರಕ್ಕೆ 97. ಉಳಿದ 3 ಮಕ್ಕಳು ಎಲ್ಲರ ಬಸಿರಿನಲ್ಲೂ ಇರುವ ಲೆಕ್ಕ. ಅದನ್ನು ಯಾರಿಂದಲೂ ಸೊನ್ನೆ ಮಾಡಲಾಗದು. ಮುಂದೆ ಏನೇ ಚಿಕ್ಕದು ಕಂಡರೂ "ಸಿಟಿಯಿಂದಲೇ ಆಯಿತು" ಅಂತ ನಿನ್ನನ್ನು ನೀನು ಬೈದುಕೊಳ್ಳಬೇಡ ಅಂತ ಇದನ್ನು ಈಗಲೇ ಹೇಳುತ್ತಿದ್ದೇನೆ.

ನನ್ನ ಲೆಕ್ಕ ಅನುಭವದ ಲೆಕ್ಕ. ಕಾಗದದಲ್ಲಿ ಬೇಕಲ್ಲ. ಕ್ಯಾನ್ಸರ್‌ಗೆ ಕರೆಂಟ್ ಕೊಡುವ ಆಸ್ಪತ್ರೆಗಳಲ್ಲಿ ಮೆಡಿಕಲ್ ಫಿಸಿಸಿಸ್ಟ್ ಅಂತ ಇರುತ್ತಾರೆ, ಇಂಥ ಲೆಕ್ಕ ಹಾಕಲು ಅವರು ಕಲಿತವರು. ಹುಬ್ಬಳ್ಳಿಯೋ ದಾವಣಗೆರೆಯೋ ನಿನಗೆ ಯಾವುದು ಅನುಕೂಲವೋ ಅಲ್ಲಿಗೆ ಈ ಸಿಡಿ ಹಿಡಿದುಕೊಂಡು ಹೋಗು. ಆ ಚೀಟಿಯನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೋ.

---

ಉತ್ತರ: ಧಾರವಾಡ_ಪೇಡೆ
ಸೆಪ್ಟೆಂಬರ್ 23, ಮಧ್ಯಾಹ್ನ 2:20

ನಾನು ಹೆರಿಗೆ ಡಾಕ್ಟರ್. ಅಮ್ಮ ಹೇಳಿದ ಲೆಕ್ಕ ಸರಿಯಾಗಿದೆ. ನೀವು ಕೇಳಿದ ಉಳಿದ ಪ್ರಶ್ನೆಗಳಿಗೆ ಹೇಳುತ್ತೇನೆ.

ವಿಕಿರಣದಿಂದ ಮಗುವಿಗೆ ಏನಾದರೂ ಆಗಿದೆಯಾ ಅಂತ ತೋರಿಸುವ ಪ್ರತ್ಯೇಕ ಟೆಸ್ಟ್ ಇಲ್ಲ. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ನೋಡುವ ಟೆಸ್ಟ್ ಈ ಕಾರಣಕ್ಕೆ ಬೇಡ. ಅದರಿಂದ ಉತ್ತರ ಸಿಗುವುದಿಲ್ಲ, ಸ್ವಲ್ಪ ಗರ್ಭಪಾತದ ಅಪಾಯ ಮಾತ್ರ ಸೇರಿಕೊಳ್ಳುತ್ತದೆ. ನಿಮಗೆ ಬೇಕಿರುವುದು ಎಲ್ಲ ಬಸುರಿಯರಿಗೂ ಬೇಕಾದ ಆರೈಕೆಯೇ, ಅದು ತಪ್ಪದೆ ಆಗಬೇಕು. ಫೋಲಿಕ್ ಆಸಿಡ್ ಇನ್ನೂ ಶುರು ಮಾಡಿಲ್ಲದಿದ್ದರೆ ಇವತ್ತೇ ಮಾಡಿ. ಈ ವಾರ ಒಂದು ಸ್ಕ್ಯಾನ್ ಮಾಡಿಸಿ ಹೃದಯ ಬಡಿತ ಮತ್ತು ದಿನದ ಲೆಕ್ಕ ಖಚಿತ ಮಾಡಿಕೊಳ್ಳಿ. ಈ ಸ್ಕ್ಯಾನಿನಲ್ಲಿ ಇರುವುದು ಶಬ್ದದ ಅಲೆ, ವಿಕಿರಣ ಇಲ್ಲ, ಹೆದರಬೇಡಿ. 11 ವಾರ ತುಂಬಿದ ಮೇಲೆ, 14 ತುಂಬುವ ಮುಂಚೆ ಎನ್‌ಟಿ ಸ್ಕ್ಯಾನ್, ಅಂದರೆ ಮಗುವಿನ ಕತ್ತಿನ ಹಿಂದೆ ಸೇರುವ ನೀರಿನ ದಪ್ಪ ಅಳೆಯುವುದು. 18ರಿಂದ 20 ವಾರದಲ್ಲಿ ಅಂಗಾಂಗ ನೋಡುವ ಸ್ಕ್ಯಾನ್, ಇದೇ ಮುಖ್ಯವಾದದ್ದು. ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ಮಾಡುತ್ತಾರೆ. ಖರ್ಚಿನ ಚಿಂತೆ ಇದ್ದರೆ ಅಲ್ಲಿಗೇ ಹೋಗಿ.

ನಿಜ ಹೇಳಬೇಕೆಂದರೆ ಈಗ ನನಗೆ ಸಿಟಿಗಿಂತ ನಿಮ್ಮ ಹರಳಿನ ಚಿಂತೆ ಜಾಸ್ತಿ. ಬಸಿರಿನಲ್ಲಿ ಮೂತ್ರದ ಸೋಂಕು ಬೇಗ ಏರುತ್ತದೆ. ಮೂತ್ರದ ಕಲ್ಚರ್ ಟೆಸ್ಟ್ ಮಾಡಿಸಿ. ನೀರು ಚೆನ್ನಾಗಿ ಕುಡಿಯಿರಿ. ನೋವು ಬಂದರೆ ಪ್ಯಾರಾಸಿಟಮಾಲ್. ಡೈಕ್ಲೋಫಿನಾಕ್ ಇಂಜೆಕ್ಷನ್ ಆವತ್ತು ಕೊಟ್ಟಿದ್ದರೆ ಅದಕ್ಕಾಗಿ ಕೊರಗಬೇಡಿ, ಆದರೆ ಇನ್ನು ಮುಂದೆ ಬೇಡ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ. ಹೋದ ಕೂಡಲೇ "ನಾನು ಬಸುರಿ" ಅಂತ ಮೊದಲ ಮಾತು ಹೇಳಿ. ಹರಳು ನೋಡಲು ಈಗ ಸೋನೋಗ್ರಫಿ ಸಾಕು. ತೀರಾ ಬೇಕಾದರೆ ಎಂಆರ್‌ಐ ಇದೆ, ಅದರಲ್ಲೂ ಎಕ್ಸ್‌ರೇ ವಿಕಿರಣ ಇಲ್ಲ.

ನಿರ್ಧಾರ ನಿಮ್ಮದು, ಅದನ್ನು ನಾನು ಗೌರವಿಸುತ್ತೇನೆ. ಕಾನೂನು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಈ ಬುಧವಾರವೇ ಆಗಬೇಕು ಅನ್ನುವ ಆತುರ ಯಾವ ಲೆಕ್ಕದಲ್ಲೂ ಇಲ್ಲ. ಔಷಧಿ ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗುವುದನ್ನು ಮಾತ್ರ ಯಾವತ್ತೂ ಮಾಡಬೇಡಿ.

---

ಉತ್ತರ: ಹೊಸಪೇಟೆ_ಹುಡುಗಿ
ಸೆಪ್ಟೆಂಬರ್ 24, ಬೆಳಿಗ್ಗೆ 10:10

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಕ್ಕನಿಗೆ ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಕುಡಿಸಿ ಎರಡು ತಿಂಗಳಾಗಿದೆ. ಈಗ ಮಗುವಿಗೆ ಪ್ರಯತ್ನ ಮಾಡಬಹುದಾ?

---

ಧಾರವಾಡ_ಪೇಡೆ
ಸೆಪ್ಟೆಂಬರ್ 24, ರಾತ್ರಿ 9:00

ಇದು ಬೇರೆ ವಿಷಯ, ಮೇಲಿನ ಸಮಾಧಾನದ ಮಾತುಗಳನ್ನು ಇದಕ್ಕೆ ಹಾಕಿಕೊಳ್ಳಬೇಡಿ. ಎಕ್ಸ್‌ರೇ ಆ ಕ್ಷಣಕ್ಕೆ ಹಾಯ್ದು ಹೋಗುತ್ತದೆ. ಅಯೋಡಿನ್ ಮೈಯೊಳಗೆ ಸ್ವಲ್ಪ ದಿನ ಇರುತ್ತದೆ. ಮೂರನೇ ತಿಂಗಳು ಮುಗಿಯುವ ಹೊತ್ತಿಗೆ ಮಗುವಿನ ಥೈರಾಯ್ಡ್ ಗ್ರಂಥಿಯೇ ಅಯೋಡಿನ್ ಹೀರಿಕೊಳ್ಳಲು ಶುರು ಮಾಡುತ್ತದೆ. ಅದಕ್ಕೇ ಬಸುರಿಯರಿಗೆ ಅದನ್ನು ಕೊಡುವುದೇ ಇಲ್ಲ. ಕೊಟ್ಟ ಮೇಲೆ ಆರು ತಿಂಗಳಾದರೂ ಕಾಯಲು ಹೇಳುತ್ತೇವೆ. ಅಕ್ಕನ ಥೈರಾಯ್ಡ್ ಮಟ್ಟ ಸರಿಗೆ ಬರಲೂ ಅಷ್ಟು ಸಮಯ ಬೇಕು. ಈಗಾಗಲೇ ಡೇಟ್ ತಪ್ಪಿದ್ದರೆ ನಾಳೆಯೇ ಅವರ ಡಾಕ್ಟರನ್ನು ಕಾಣಲಿ.

---

ತುಂಗೆಯ_ದಂಡೆ
ಡಿಸೆಂಬರ್ 14, ಮಧ್ಯಾಹ್ನ 3:30

ಇಷ್ಟು ದಿನ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಿನ್ನೆಗೆ 19 ವಾರ ತುಂಬಿತು. ನಿನ್ನೆಯೇ ದೊಡ್ಡ ಸ್ಕ್ಯಾನ್ ಆಯಿತು.

ಹುಬ್ಬಳ್ಳಿಗೆ ಹೋಗಿದ್ದೆವು ಅಮ್ಮಾ. ಅಲ್ಲಿನ ಫಿಸಿಸಿಸ್ಟ್ ಸಿಡಿ ನೋಡಿ, ನನ್ನ ಸೊಂಟದ ಸುತ್ತಳತೆ ಲೆಕ್ಕ ಹಿಡಿದು, 13 ಮಿಲಿಗ್ರೇ ಅಂತ ಬರೆದು ಸಹಿ ಹಾಕಿ ಕೊಟ್ಟರು. ನಿಮ್ಮ 15ರ ಒಳಗೇ ಬಂತು. ಆ ಚೀಟಿ ನೋಡಿದ ದಿನ ನಮ್ಮ ಮನೆಯವರು ವಾಪಸು ಬರುವ ಬಸ್ಸಿನಲ್ಲಿ ಹಾವೇರಿವರೆಗೂ ನನ್ನ ಕೈ ಬಿಡಲಿಲ್ಲ. ಒಂದು ಮಾತೂ ಆಡಲಿಲ್ಲ.

ಹರಳು ದೀಪಾವಳಿ ಹೊತ್ತಿಗೆ ತಾನಾಗಿಯೇ ಬಿತ್ತು. ಎರಡು ದಿನ ಜೀವ ಹಿಂಡಿತು, ಪ್ಯಾರಾಸಿಟಮಾಲ್ ಮತ್ತು ನೀರಿನ ಮೇಲೆ ತಡೆದುಕೊಂಡೆ. ಕಲ್ಚರ್‌ನಲ್ಲಿ ಸೋಂಕು ಬಂದಿತ್ತು, ಏಳು ದಿನ ಮಾತ್ರೆ ಕೊಟ್ಟು ಕಡಿಮೆ ಮಾಡಿದರು. ಪೇಡೆ ಡಾಕ್ಟರ್ ಹೇಳದಿದ್ದರೆ ನಾನು ಆ ಟೆಸ್ಟ್ ಮಾಡಿಸುತ್ತಲೇ ಇರಲಿಲ್ಲ.

ನಿನ್ನೆ ಸ್ಕ್ಯಾನ್ ಮಾಡಿದ ಮೇಡಂ ಹೃದಯದ ನಾಲ್ಕು ಕೋಣೆ, ಬೆನ್ನುಹುರಿ, ತುಟಿ, ಹತ್ತು ಬೆರಳು ಎಲ್ಲ ಒಂದೊಂದಾಗಿ ತೋರಿಸಿದರು. ಎಲ್ಲ ಸರಿಯಾಗಿದೆ ಅಂದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಬರುವುದನ್ನು ನೋಡಿ ಎದ್ದು ನಿಂತು, ಏನೂ ಕೇಳದೆ ಮೊದಲು ನನ್ನ ಹಣೆ ಮುಟ್ಟಿದರು. ಏಳನೇ ತಿಂಗಳಿಗೆ ಕುಬಸ ಮಾಡಬೇಕು ಅಂತ ಅವ್ವ ಈಗಾಗಲೇ ಹಸಿರು ಸೀರೆ ತಂದಿಟ್ಟಿದ್ದಾಳೆ.

ಸಿಡಿ ತರಲು ಹೋದಾಗ ಆ ಸಿಟಿ ರೂಮಿನ ಹುಡುಗನಿಗೆ ಅಮ್ಮನ ಮಾತು ಹೇಳಿ ಬಂದಿದ್ದೆ, ಹೆಣ್ಣುಮಕ್ಕಳನ್ನು ಒಬ್ಬರೇ ಕರೆದು ದಿನ ಕೇಳಪ್ಪಾ ಅಂತ. ಹೋದ ವಾರ ನಮ್ಮ ಓಣಿಯ ಒಬ್ಬಳು ಅಲ್ಲಿಗೆ ಹೋಗಿದ್ದಳು. ಕೇಳಿದನಂತೆ.

ಈಗ ಒಂದು ಪ್ರಶ್ನೆ. ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಅದರಿಂದ ಮತ್ತೆ ಹರಳಾಗುತ್ತದಾ? ನಿಲ್ಲಿಸಲಾ?

---

ಧಾರವಾಡ_ಪೇಡೆ
ಡಿಸೆಂಬರ್ 14, ಸಂಜೆ 6:45

ನಿಲ್ಲಿಸಬೇಡಿ. ಊಟದ ಜೊತೆಗೇ ತಗೊಳ್ಳಿ, ಖಾಲಿ ಹೊಟ್ಟೆಯಲ್ಲಿ ಬೇಡ. ಕಬ್ಬಿಣದ ಮಾತ್ರೆಯನ್ನು ಬೇರೆ ಹೊತ್ತಿಗೆ ತಗೊಳ್ಳಿ, ಎರಡೂ ಒಟ್ಟಿಗೆ ಹೋದರೆ ಕಬ್ಬಿಣ ಸರಿಯಾಗಿ ಹಿಡಿಯುವುದಿಲ್ಲ. ಹರಳು ಆಗಿತ್ತು ಅಂತ ನಿಮ್ಮ ಡಾಕ್ಟರಿಗೆ ಹೇಳಿ, ಬೇಕಾದರೆ ಅವರು ಪ್ರಮಾಣ ಬದಲಿಸುತ್ತಾರೆ. ಮುಂದಿನ ಸಲ ಮೂತ್ರದ ಟೆಸ್ಟ್ ಮತ್ತೆ ಮಾಡಿಸಿ.

---

ಎಕ್ಸ್‌ರೇ_ಅಮ್ಮ
ಡಿಸೆಂಬರ್ 14, ರಾತ್ರಿ 8:10

ಆ ಹುಡುಗ ಕೇಳಿದನಾ! ಈ ಮಾತನ್ನು ಮೂರು ಸಲ ಓದಿದೆ. ಮೇ ತಿಂಗಳಲ್ಲಿ ಅಲ್ವಾ ನಿನ್ನ ದಿನ? ಹೆರಿಗೆಯಾದ ಮೇಲೆ ಬಾಣಂತನದ ನಡುವೆ ಬಿಡುವಾದಾಗ ಒಂದು ಸಾಲು ಬರೆ. ಕಾಯುತ್ತಿರುತ್ತೇನೆ.